ಕುರ್ಚಿಯವರ ಸಾಲು

ಬೆಳಿಗ್ಗೆ ವಾಮಂಜೂರಿನಿಂದ ಸ್ಕೂಟರಿನಲ್ಲಿ ಹೊರಟರೆ ಬಿಕರ್ನಕಟ್ಟೆ ಮುಟ್ಟುವವರೆಗೂ ರಸ್ತೆಯ ಬದಿಯಲ್ಲಿ ನಡೆಯುವವರದ್ದೇ ಸಂತೆ. ಬಿಳಿ ಬೂಟು, ಹೆಜ್ಜೆ ಎಣಿಸುವ ವಾಚು, ಹೊಟ್ಟೆಯ ಮೇಲೆ ಬಿಗಿದು ಕೂತ ಟೀ ಶರ್ಟು. ಇವರು ಎಲ್ಲಿಗೂ ಹೋಗುವವರಲ್ಲ, ಏನನ್ನೂ ತರುವವರಲ್ಲ. ಒಂದಷ್ಟು ದೂರ ಹೋಗಿ, ತಿರುಗಿ ಬಂದು, ಹೋಟೆಲಿನ ಮುಂದೆ ನಿಂತು ಸಕ್ಕರೆ ಇಲ್ಲದ ಚಹಾ ಹೇಳುತ್ತಾರೆ. ಚಹಾದ ಜೊತೆಗೆ ಒಂದು ಪ್ಲೇಟು ಎಣ್ಣೆ ಸೋರುವ ಗೋಳಿಬಜೆ. ಮೈ ಬಗ್ಗಿಸಿ ದುಡಿಯದವರಿಗೆ ಮೈ ಇದೆ ಎಂದು ನೆನಪಾಗುವುದೇ ಐವತ್ತಾದ ಮೇಲೆ, ಅದೂ ಡಾಕ್ಟರು ಹೇಳಿದರೆ.

ನಾನು ಟೈಲ್ಸ್ ಹಾಕುವವನು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಈ ಕೆಲಸಕ್ಕೆ ಇಳಿದವನಿಗೆ ಈಗ ಐವತ್ತಮೂರು. ಮೊದಲು ರೆಡ್ ಆಕ್ಸೈಡ್ ನೆಲ, ಆಮೇಲೆ ಮೊಸಾಯಿಕ್, ಈಗ ಕನ್ನಡಿಯ ಹಾಗೆ ಹೊಳೆಯುವ ನಾಲ್ಕಡಿಯ ಟೈಲ್ಸ್. ಈ ಊರಿನ ಎಷ್ಟು ಮನೆಗಳಲ್ಲಿ ಜನ ನನ್ನ ಕೆಲಸದ ಮೇಲೆ ನಡೆಯುತ್ತಿದ್ದಾರೋ ಲೆಕ್ಕ ಇಟ್ಟಿಲ್ಲ. ಕೆಲಸ ಕಲಿಸಿದ ಮೇಸ್ತ್ರಿ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಮಂಡಿಯ ಕೆಳಗೆ ಹಾಕಿಕೊಳ್ಳುತ್ತಿದ್ದರು. ನನಗೂ ಒಂದು ಕೊಟ್ಟರು. ನಾನು ಅದನ್ನು ಬದಿಗೆ ತಳ್ಳಿದೆ. ಗೋಣಿ ಮುದುಕರಿಗೆ ಎಂದು ಆ ವಯಸ್ಸಿನಲ್ಲಿ ತೀರ್ಮಾನ ಮಾಡಿದವನು ಮತ್ತೆ ಅದನ್ನು ಬದಲಿಸಲೇ ಇಲ್ಲ. ಬಲ ಮಂಡಿ ಕಾಂಕ್ರೀಟಿಗೆ ಊರಿ, ಎಡಗಾಲು ಮುಂದಿಟ್ಟು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ನನ್ನ ಪ್ಯಾಂಟುಗಳೆಲ್ಲ ಬಲ ಮಂಡಿಯಲ್ಲೇ ಹರಿಯುತ್ತಿದ್ದವು. ಹೆಂಡತಿ ಅದೇ ಜಾಗಕ್ಕೆ ತೇಪೆ ಹಾಕಿ ಹಾಕಿ ಬೇಸತ್ತಿದ್ದಳು.

ಕಳೆದ ವರ್ಷ ಶಕ್ತಿನಗರದಲ್ಲಿ ಒಂದು ಮನೆಯ ಕೆಲಸ ಹಿಡಿದಿದ್ದೆ. ಮನೆಯ ಯಜಮಾನ ಗಲ್ಫಿನ ಕೆಲಸ ಬಿಟ್ಟು ಬಂದ ತುಳುವರು, ನನಗಿಂತ ಐದು ವರ್ಷ ದೊಡ್ಡವರು. ಬೆಳಿಗ್ಗೆ ನಡಿಗೆ, ಟೆರೇಸಿನಲ್ಲಿ ಕೈಕಾಲು ಎತ್ತುವುದು, ಹತ್ತು ಗಂಟೆಗೆ ರಾಗಿ ಮಾಲ್ಟ್, ರಾತ್ರಿ ಏಳಕ್ಕೆ ಊಟ ಮುಗಿಸುವುದು, ಎಲ್ಲಕ್ಕೂ ಗಂಟೆ ಹೊಡೆದ ಹಾಗೆ. ಮೊಬೈಲಿನಲ್ಲಿ ಬಂದ ಉಪದೇಶಗಳನ್ನು ನನಗೆ ಓದಿ ಹೇಳುವುದು ಅವರ ಇನ್ನೊಂದು ವ್ಯಾಯಾಮ.

"ಬ್ಯಾರಿಯವರೇ, ನೀವು ಎಕ್ಸರ್‌ಸೈಜ್ ಎಂತ ಮಾಡ್ತೀರಿ?"

"ನಿಮ್ಮ ಮನೆಯ ನೆಲ ಮಾಡ್ತೇನೆ ಅಣ್ಣ. ಸಾಲದಾ?"

"ಅದು ಕೆಲಸ ಮಾರಾಯ್ರೇ, ಎಕ್ಸರ್‌ಸೈಜ್ ಅಲ್ಲ. ದಿನ ಇಡೀ ಒಂದೇ ಮಂಡಿಯಲ್ಲಿ ಕೂತ್ರೆ ಮಂಡಿ ಸವೆಯೂದು."

"ಸವೆಯಲಿಕ್ಕೆ ಇದೆಂತ ಸ್ಕೂಟರಿನ ಟಯರಾ?"

ಅವರು ನಕ್ಕರು. ನಾನು ನಗಲಿಲ್ಲ. ಮೂರು ಮಹಡಿ ಸಿಮೆಂಟು ಹೊತ್ತವನಿಗೆ ಹಗ್ಗದ ಹಾಗಿರುವ ಕಾಲಿನ ಮನುಷ್ಯ ಬುದ್ಧಿ ಹೇಳುವುದೆಂದರೆ!

ಅದೇ ವಾರ ಅವರ ಬಚ್ಚಲಿನ ಗೋಡೆಯ ಕೊನೆಯ ಟೈಲ್ ಕೂರಿಸಿ ಏಳಲು ಹೋದೆ. ಮಂಡಿ ಬಿಡಿಸಿಕೊಳ್ಳಲಿಲ್ಲ. ಬಾಗಿಲಿಗೆ ಬೀಗ ಬಿದ್ದ ಹಾಗೆ. ಗೋಡೆ ಹಿಡಿದರೆ ಆಗಷ್ಟೇ ಹಾಕಿದ ಟೈಲ್ಸ್ ಜಾರೀತು ಎಂಬ ಭಯ. ಹಾಗೇ ಕೂತೆ.

ಯಜಮಾನರು ಮಾಲ್ಟಿನ ಗ್ಲಾಸು ಹಿಡಿದು ಇಣುಕಿದರು. "ಎಂತ, ಆಗ್ಲಿಲ್ವಾ?"

"ನೀರಿನ ಇಳಿಜಾರು ನೋಡ್ತಾ ಇದ್ದೇನೆ."

ಅರ್ಧ ಗಂಟೆ ಬಿಟ್ಟು ಮತ್ತೆ ಬಂದರು. "ಇನ್ನೂ ಇಳಿಜಾರಾ?"

ಆಮೇಲೆ ಅವರಿಗೆ ಗೊತ್ತಾಯಿತು. ಒಳಗೆ ಬಂದು, ಹಿಮ್ಮಡಿ ನೆಲಕ್ಕೆ ಊರಿ, ಶಾಲೆಯ ಮಕ್ಕಳ ಹಾಗೆ ಸಲೀಸಾಗಿ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ನನ್ನ ಕಂಕುಳಿಗೆ ಕೈ ಹಾಕಿ ಎತ್ತಿದರು. ಮಂಡಿಯ ನೋವಿಗಿಂತ ಅವರು ಹಾಗೆ ಕೂತದ್ದೇ ನನಗೆ ಹೆಚ್ಚು ಉರಿಯಿತು.

ಇದಕ್ಕಿಂತ ದೊಡ್ಡದು ಮಸೀದಿಯಲ್ಲಿ ಕಾದಿತ್ತು. ನಮ್ಮ ಮಸೀದಿಯ ವರಾಂಡದಲ್ಲಿ ಮಂಡಿ ಬಗ್ಗದವರಿಗೆಂದು ಪ್ಲಾಸ್ಟಿಕ್ ಕುರ್ಚಿಗಳ ಒಂದು ಸಾಲಿದೆ. ಕೂತೇ ನಮಾಜ್ ಮಾಡಬಹುದು, ಧರ್ಮ ಅದಕ್ಕೆ ಬೇಡವೆನ್ನುವುದಿಲ್ಲ. ಬೇಡವೆನ್ನುತ್ತಿದ್ದವನು ನಾನು. ಮೊದಲು ಮೀನಿನ ವ್ಯಾಪಾರ ಮಾಡುತ್ತಿದ್ದ, ನನ್ನದೇ ವಯಸ್ಸಿನ ಒಬ್ಬ ಆ ಸಾಲಿಗೆ ಸೇರಿದಾಗ ಮೆಟ್ಟಿಲಿನಲ್ಲಿ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದ್ದೆ: "ಮದುವೆಮನೆಯಲ್ಲಿ ನೆಲಕ್ಕಿಟ್ಟ ಬಿರಿಯಾನಿಯ ಹರಿವಾಣದ ಮುಂದೆ ನಿನ್ನ ಮಂಡಿ ಚೆಂದ ಬಗ್ತದೆ. ಅಲ್ಲಾಹನ ಮುಂದೆ ಮಾತ್ರ ಬಗ್ಗೂದಿಲ್ಲ ಅಲ್ವಾ?" ಅವನು ಆ ದಿನ ಚಪ್ಪಲಿ ಕಳಚಿ ತನ್ನ ಕುರ್ಚಿಗೆ ಹೋದ. ಈಗ ನಾನು ಗೋಡೆ ಹಿಡಿದು ಮೆಟ್ಟಿಲು ಹತ್ತುವುದನ್ನು ನೋಡಿ ಪಕ್ಕದ ಕುರ್ಚಿಯನ್ನು ಅಂಗೈಯಿಂದ ತಟ್ಟಿದ.

"ಬಾ ಮಾರಾಯ. ನಿನ್ನ ಜಾಗ ಖಾಲಿ ಉಂಟು."

ನಾನು ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ. ಆಮೇಲಿನ ಶುಕ್ರವಾರಗಳಲ್ಲಿ ಬಂದರಿನ ಕಡೆ, ಯಾರೂ ಗುರುತಿಲ್ಲದ ಮಸೀದಿಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ. ಕಳ್ಳನ ಹಾಗೆ. ಹೆಂಡತಿ ಕೇಳಿದಳು, "ಈಗ ಯಾಕೆ ನಮ್ಮ ಮಸೀದಿಗೆ ಹೋಗೂದಿಲ್ಲ?" ಸೈಟು ಆ ಕಡೆ ಉಂಟು ಎಂದೆ. "ಸೈಟು ಆ ಕಡೆ ಉಂಟಾ, ಸೊಕ್ಕು ಆ ಕಡೆ ಉಂಟಾ?" ಎಂದು ಒಳಗೆ ಹೋದಳು. ನಮ್ಮ ಮಸೀದಿಯ ನೆಲಕ್ಕೆ ಮತ್ತೆ ಹಣೆ ಹಚ್ಚುತ್ತೇನೋ, ಇಲ್ಲ ಆ ಮೀನಿನವನ ಪಕ್ಕ ಕುರ್ಚಿ ಬಿಸಿ ಮಾಡುತ್ತೇನೋ, ಅಷ್ಟೇ ನನ್ನ ತಲೆಯಲ್ಲಿ.

ಕೊನೆಗೆ ಹೆಂಡತಿಯೇ ಎಳೆದುಕೊಂಡು ಹೋದದ್ದು ಫಿಸಿಯೋಥೆರಪಿಗೆ. ಅಲ್ಲಿದ್ದವಳು ನಮ್ಮ ಮಗಳ ವಯಸ್ಸಿನವಳು. ಮಲಗಿ, ಬಲಗಾಲನ್ನು ನೇರವಾಗಿ ಒಂದು ಗೇಣು ಎತ್ತಿ, ಹತ್ತು ಎಣಿಸಿ ಎಂದಳು. ನನಗೆ ನಗು ಬಂತು. ಐದು ಎಣಿಸುವಾಗ ತೊಡೆ ಹಲಗೆಯ ಮೇಲಿಟ್ಟ ಮೀನಿನ ಹಾಗೆ ನಡುಗಿತು. ಏಳಕ್ಕೆ ಕಾಲು ಬಿತ್ತು.

"ಕಾಕ, ನಿಮ್ಮ ಕೈ, ಭುಜ ಎಲ್ಲ ಕಬ್ಬಿಣ," ಎಂದಳು. "ತೊಡೆ ಮಾತ್ರ ರಜೆಯಲ್ಲಿ ಉಂಟು."

ಆಮೇಲೆ ಒಂದು ಕಾಗದದಲ್ಲಿ ಬರೆದುಕೊಟ್ಟಳು. ಬೆಳಿಗ್ಗೆ ಏಳುವ ಮೊದಲು ಕಾಲು ಎತ್ತುವುದು. ಸಮತಟ್ಟು ನೆಲದಲ್ಲಿ ಅರ್ಧ ಗಂಟೆ ನಡಿಗೆ. ದಿನಕ್ಕೆ ಏಳು ಚಹಾ ಕುಡಿಯುವುದನ್ನು ಎರಡಕ್ಕೆ ಇಳಿಸುವುದು, ಅದೂ ಸಕ್ಕರೆ ಬಿಟ್ಟು. ಕೆಲಸದಲ್ಲಿ ಮಂಡಿಗೆ ರಬ್ಬರಿನ ದಪ್ಪ ಪಟ್ಟಿ, ಗಂಟೆಗೊಮ್ಮೆ ಎದ್ದು ನಿಲ್ಲುವುದು. ಓದುತ್ತಾ ಹೋದ ಹಾಗೆ ಶಕ್ತಿನಗರದ ಯಜಮಾನರ ದಿನಚರಿಯೇ ನನ್ನ ಕೈಯಲ್ಲಿತ್ತು. ರಬ್ಬರಿನ ಪಟ್ಟಿ ಎಂದರೆ ಮೇಸ್ತ್ರಿಯ ಗೋಣಿಯೇ, ಅಂಗಡಿಯಿಂದ ಬಂದದ್ದು ಅಷ್ಟೇ.

ನಡಿಗೆ ಶುರು ಮಾಡಿದೆ. ಬೂಟು ಹಾಕಲಿಲ್ಲ, ಅಷ್ಟು ಮರ್ಯಾದೆ ಬಿಡುವ ಮನುಷ್ಯ ನಾನಲ್ಲ. ವಾಮಂಜೂರಿನ ಗದ್ದೆಯ ಬದಿಯ ರಸ್ತೆಯಲ್ಲಿ, ಕೈಯಲ್ಲಿ ಒಂದು ಚೀಲ ಹಿಡಿದುಕೊಂಡು ಹೋಗುತ್ತಿದ್ದೆ. ಸುಮ್ಮನೆ ನಡೆಯುವವನು ಎಂದು ಯಾರೂ ತಿಳಿಯಬಾರದು. ಕೇಳಿದವರಿಗೆ, ಮೀನಿಗೆ ಎನ್ನುತ್ತಿದ್ದೆ. ಒಂದು ತಿಂಗಳು ಹೀಗೇ ನಡೆಯಿತು. ಒಂದು ದಿನ ಆ ಮೀನಿನವನೇ ಸ್ಕೂಟರು ನಿಧಾನ ಮಾಡಿದ.

"ದಿನಾ ಮೀನಾ? ಮನೆಯಲ್ಲಿ ಬೆಕ್ಕು ಎಷ್ಟು ಉಂಟು ನಿನಗೆ?"

"ನಿನಗೆ ಎಂತ? ಈಗ ನೀನು ಮಾರೂದಿಲ್ಲವಲ್ಲ."

"ಮಾರೂದಿಲ್ಲ. ಆದರೆ ಈ ರಸ್ತೆಯಲ್ಲಿ ಮೀನಿನ ಅಂಗಡಿ ಇಲ್ಲ ಅಂತ ಗೊತ್ತುಂಟು." ಹೇಳಿ ಹೋದ. ಮರುದಿನ ಚೀಲ ಬಿಟ್ಟೆ.

ಮಳೆ ಬಂದು ಹೋಯಿತು. ಈಗ ಕಾಲು ಎತ್ತಿ ಮೂವತ್ತು ಎಣಿಸುತ್ತೇನೆ. ನಡೆಯುವವರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಗೋಳಿಬಜೆಗಾಗಿ ನಡೆಯುವವರು ನನಗೆ ಈಗಲೂ ಗೋಳಿಬಜೆಯವರೇ. ಆದರೆ ಹಿಂದೆ ಅವರಿಗಿಂತ ಮೇಲೆ ನನ್ನನ್ನು ಇಟ್ಟುಕೊಂಡಿದ್ದೆ. ಆ ಜಾಗದಲ್ಲಿ ಕೂತಿದ್ದವನೇ ಎಲ್ಲರಿಗಿಂತ ದೊಡ್ಡ ಪೆದ್ದ. ಬೆವರು ಬಂದರೆ ಸಾಕು, ಮೈ ಗಟ್ಟಿ ಉಂಟು ಎಂದುಕೊಂಡವನು. ದುಡಿಮೆ ಬೇರೆಯವರ ಮನೆಯ ನೆಲವನ್ನು ಗಟ್ಟಿ ಮಾಡುತ್ತದೆ. ನನ್ನ ಮಂಡಿಯನ್ನು ಅಲ್ಲ.

ಕಳೆದ ತಿಂಗಳು ಒಂದು ಶುಕ್ರವಾರ ನಮ್ಮ ಮಸೀದಿಗೆ ಹೋದೆ. ಒಳಗೆ ತುಂಬಿತ್ತು, ವರಾಂಡದಲ್ಲಿ ಜಾಗ ಸಿಕ್ಕಿತು. ಅದೂ ಕುರ್ಚಿಯ ಸಾಲಿನ ಕೊನೆಯಲ್ಲಿ, ಅವನ ಪಕ್ಕದಲ್ಲೇ. ಅವನು ಖಾಲಿ ಕುರ್ಚಿಯನ್ನು ನೋಡಿದ, ನನ್ನನ್ನು ನೋಡಿದ, ಈ ಸಲ ತಟ್ಟಲಿಲ್ಲ. ನಾನು ಕರವಸ್ತ್ರ ಹಾಸಿ ನಿಂತೆ. ಸುಜೂದಿಗೆ ಇಳಿಯುವಾಗ ಮಂಡಿ ಕಟಕಟ ಎಂದಿತು, ಆದರೆ ಇಳಿಯಿತು. ಹಣೆ ನೆಲ ಮುಟ್ಟಿತು. ಏಳುವಾಗ ಅರ್ಧದಲ್ಲಿ ತಡೆಯಿತು. ಗೊತ್ತಿಲ್ಲದೆ ಕೈ ಅವನ ಕುರ್ಚಿಯ ಕಾಲಿಗೆ ಹೋಯಿತು. ಕುರ್ಚಿ ಅಲುಗಲಿಲ್ಲ. ಅವನು ಪೂರ್ತಿ ಭಾರ ಬಿಟ್ಟು ಗಟ್ಟಿಯಾಗಿ ಕೂತಿದ್ದ.

ನಮಾಜ್ ಮುಗಿದು ಜನ ಚಪ್ಪಲಿ ಹುಡುಕುವಾಗ ಕೇಳಿದೆ, "ಈ ವರಾಂಡದ ನೆಲ ಯಾರು ಹಾಕಿದ್ದು?"

"ಯಾಕೆ?"

"ಸಂದು ಒಂದು ನೂಲು ಸೊಟ್ಟ ಉಂಟು. ನನ್ನ ಹಣೆ ಇದ್ದಲ್ಲೇ."

"ಅದನ್ನು ನೋಡ್ಲಿಕ್ಕಾ ನೀನು ಅಷ್ಟು ಕಷ್ಟಪಟ್ಟು ಕೆಳಗೆ ಹೋದದ್ದು?" ಎಂದು ಅವನು ಏಳಲು ಕೈ ಚಾಚಿದ. ನಾನು ಹಿಡಿದು ಎಬ್ಬಿಸಿದೆ. ಮರುದಿನ ಬೆಳಿಗ್ಗೆ ಗದ್ದೆಯ ರಸ್ತೆಗೆ ಬರಲು ಹೇಳಿದೆ. ಚೀಲ ತರಬೇಡ ಎಂದೂ ಹೇಳಿದೆ.