ಡಿಕ್ಕಿಯೊಳಗಿನ ಕಿಣಿಕಿಣಿ

ಹಾಸನ ದಾಟುತ್ತಿದ್ದಂತೆ ಕಾರು ನಡುಗತೊಡಗಿತು. ಗುಂಡಿಗೆ ಬಿದ್ದೇಳುವ ಕುಲುಕಾಟವಲ್ಲ. ಚಳಿಜ್ವರ ಬಂದವರ ಮೈಯಂತೆ ಒಳಗಿನಿಂದಲೇ ಬರುವ ನಡುಕ. ಅದರ ಜೊತೆಗೆ ಹಿಂದೆಲ್ಲೋ ಸಣ್ಣಗೆ ಕಿಣಿಕಿಣಿ.

"ಅದೇನೋ ಸದ್ದು ಬರ್ತಿದೆಯಲ್ಲೋ ಗಿರಿ," ಎಂದರು ಹಿಂದಿನ ಸೀಟಿನಲ್ಲಿದ್ದ ಅಂಬುಜಮ್ಮ.

"ಯಾವ್ದೋ ಸ್ಕ್ರೂ ಸಡಿಲ ಆಗಿರ್ಬೇಕು ಅತ್ತೆ," ಎಂದ ಗಿರಿಧರ ರೇಡಿಯೋ ಜೋರು ಮಾಡಿದ.

ಗಿರಿಧರ ಅಂಬುಜಮ್ಮನವರ ಅಣ್ಣನ ಮಗ. ಅರಕಲಗೂಡಿಗೆ ಮದುವೆಯಾಗಿ ಹೋದ ಅಂಬುಜಮ್ಮ, ಎರಡನೆಯ ಯುಗಾದಿ ಬರುವ ಮುಂಚೆಯೇ ಗಂಡನನ್ನು ಕಳೆದುಕೊಂಡು ಹೊಳೆನರಸೀಪುರದ ತವರಿಗೆ ಮರಳಿದ್ದರು. ಕೈಯಲ್ಲಿ ಒಂದು ದೇವರ ಪೆಟ್ಟಿಗೆ. ಅದರೊಳಗೆ ಅಂಗೈಯಗಲದ ಹಿತ್ತಾಳೆಯ ಕೃಷ್ಣ, ಒಂದು ಗಂಟೆ. ಅತ್ತಿಗೆ ಎರಡನೆಯ ಬಾಣಂತನದಲ್ಲಿ ಹಾಸಿಗೆ ಹಿಡಿದಾಗ ಗಿರಿಧರನಿಗೂ ಅವನ ತಮ್ಮ, ಕೂಸು ಮುರಳಿಗೂ ಅನ್ನ ಕಲಸಿ ತಿನ್ನಿಸಿದವರು, ಆಮೇಲೆ ಮಗ್ಗಿ ಹೇಳಿಕೊಟ್ಟವರು ಅವರೇ. ಅಣ್ಣ ತೀರಿಕೊಂಡ ಮೇಲೆ ಗಿರಿಧರನೊಂದಿಗೆ ಹಾಸನಕ್ಕೆ ಬಂದರು, ಪೆಟ್ಟಿಗೆಯೂ ಬಂತು. ಆ ಪೆಟ್ಟಿಗೆ ಹೊಸ್ತಿಲು ದಾಟಿತೆಂದರೆ ಅವರ ಪಾಲಿಗೆ ಮನೆ ಬದಲಾಯಿತೆಂದೇ ಅರ್ಥ. ಹೋಗಿ ಬರುವ ಊರುಗಳಿಗೆ ಅದನ್ನು ಎಂದೂ ಒಯ್ದವರಲ್ಲ.

ಇವತ್ತು ಹೊರಟಿದ್ದೂ ಹೋಗಿ ಬರುವುದಕ್ಕೇ. ಮುರಳಿ ನುಗ್ಗೇಹಳ್ಳಿಯಲ್ಲಿದ್ದಾನೆ. "ನಾಲ್ಕು ದಿನ ಇದ್ದು ಬನ್ನಿ ಅತ್ತೆ, ಇಂಚರಂಗೆ ಪರೀಕ್ಷೆ ಮುಗೀಲಿ," ಎಂದಿದ್ದಳು ಗಿರಿಧರನ ಹೆಂಡತಿ ಶ್ರೀಗೌರಿ. ಮಗಳು ಇಂಚರ ಓದುವುದೂ ಮಲಗುವುದೂ ಅಂಬುಜಮ್ಮನವರ ಕೋಣೆಯಲ್ಲೇ. ಬೆಳೆದ ಹುಡುಗಿಗೆ ತನ್ನದೇ ಕೋಣೆ ಬೇಕೆಂಬ ಮಾತು ಮನೆಯಲ್ಲಿ ಆಗಾಗ ಏಳುತ್ತಿತ್ತು. ಬೆಳಿಗ್ಗೆ ಕೃಷ್ಣನಿಗೆ ತುಳಸಿ ಏರಿಸಿ, "ಇಂಚರನ ಕೈಯಲ್ಲಿ ಹಾಲು ಕುಡೀತಿರು, ಬಂದ್ಬಿಡ್ತೀನಿ," ಎಂದು ಹೇಳಿ ಸೀರೆ ಬದಲಿಸಲು ಹೋಗಿದ್ದರು. ಹೊರಡುವಾಗ ಇಂಚರ ಕೊರಳು ತಬ್ಬಿ ಅತ್ತಳು. ಪರೀಕ್ಷೆಯ ಭಯವೆಂದುಕೊಂಡರು. ದಾರಿಯಲ್ಲಿ, "ಕರ್ಕೊಂಡು ಹೋಗೋಕೆ ಯಾವತ್ತು ಬರ್ತೀಯೋ?" ಎಂದು ಕೇಳಿದಾಗಲೆಲ್ಲ ಗಿರಿಧರ ಮಾತು ಹೊರಳಿಸುತ್ತಿದ್ದ.

ಚನ್ನರಾಯಪಟ್ಟಣದ ಹತ್ತಿರ ಕಾರು ಏರು ಹತ್ತಲಾರದೆ ತಿಣುಕಿತು. ಅಂಬುಜಮ್ಮನವರಿಗೆ ಒಳಗೊಳಗೇ ಸಮಾಧಾನ. ಕಾರು ಕೆಟ್ಟರೆ ಮನೆಗೆ ವಾಪಸು ತಾನೇ? ರಸ್ತೆ ಬದಿಯ ತಗಡಿನ ಶೆಡ್ಡಿನಿಂದ ಮೆಕ್ಯಾನಿಕ್ ಕನಕರಾಜು ಕೈ ಒರೆಸಿಕೊಳ್ಳುತ್ತ ಬಂದ.

"ಏನ್ ಸಾ, ನಾಕ್ ಎತ್ತಲ್ಲಿ ಒಂದು ಮಲಗ್ಬುಟ್ಟೈತಲ್ಲ!"

"ಆಗ್ದಿದ್ರೆ ಬಿಡಪ್ಪ, ಮೆಲ್ಲಗೆ ಹಾಸನಕ್ಕೇ ಹೋಗ್ತೀವಿ," ಎಂದರು ಅಂಬುಜಮ್ಮ ಕೆಳಗಿಳಿಯುತ್ತ.

"ಯಾಕವ್ವಾ, ನನ್ನ ಕಂಡ್ರೆ ನಂಬ್ಕೆ ಬರಾಕಿಲ್ವಾ? ತಡೀರಿ, ಸತ್ತಿರೋದು ಯಾವ್ದು ಅಂತ ಈಗ್ಲೇ ಹಿಡೀತೀನಿ."

ಬಾನೆಟ್ಟು ಎತ್ತಿ, ಇಂಜಿನ್ ಓಡುತ್ತಿರುವಂತೆಯೇ ಸಾಲಾಗಿ ಕೂತ, ಇಂಜಿನ್ನಿಗೆ ಕಿಡಿ ಕೊಡುವ ನಾಲ್ಕು ಕಾಯಿಲುಗಳನ್ನು ತೋರಿಸಿದ. "ಒಂದೊಂದರದೇ ಕ್ಲಿಪ್ಪು ಕಿತ್ತು ನೋಡ್ತೀನಿ. ಬದುಕಿರೋದನ್ನ ಕಿತ್ರೆ ಇಂಜಿನ್ನು ಅಳ್ತದೆ. ಯಾವ್ದನ್ನ ಕಿತ್ರೂ ಸದ್ದು ಬದಲಾಗಾಕಿಲ್ವೋ, ಅದೇ ಕೆಟ್ಟಿರೋದು."

ಮೊದಲನೆಯದನ್ನು ಕಿತ್ತ, ಇಂಜಿನ್ ಮುಗ್ಗರಿಸಿತು. ಎರಡನೆಯದಕ್ಕೂ ಹಾಗೆಯೇ. ಕನಕರಾಜು ಹುಬ್ಬು ಗಂಟಿಕ್ಕಿದ.

"ಸಾ, ಡಿಕ್ಕಿ ತೆಗೀರಿ. ಒಳಗೆ ಅದೇನೋ ಬಡ್ಕತಾ ಐತೆ, ಇಂಜಿನ್ನಿನ ಸದ್ದೇ ಕಿವಿಗೆ ಸಿಕ್ತಿಲ್ಲ."

"ಏನಿಲ್ಲ, ನಿನ್ನ ಕೆಲಸ ನೋಡು."

"ಕೆಲಸಕ್ಕೇ ಸಾ ಕೇಳ್ತಿರೋದು!"

ಗಿರಿಧರ ಅಲುಗಲಿಲ್ಲ. ಕನಕರಾಜು ತಾನೇ ಹೋಗಿ ಡಿಕ್ಕಿ ಎತ್ತಿದವನು ಕೈ ಹಿಂದೆಳೆದುಕೊಂಡ. "ಅಯ್ ಶಿವನೇ, ದೇವ್ರ ಪೆಟ್ಗೆ ಕಣವ್ವಾ! ನನ್ ಕೈಯೆಲ್ಲ ಆಯಿಲು. ನೀವೇ ತಗಳಿ."

ಅಂಬುಜಮ್ಮನವರ ಹಾಸಿಗೆ ಸುರುಳಿ, ಚಳಿಗಾಲದ ರಗ್ಗು, ಮಡಿ ಸೀರೆಗಳ ಗಂಟು. ನಡುವೆ ದೇವರ ಪೆಟ್ಟಿಗೆ. ಮುಚ್ಚಳ ತೆರೆದರು. ಕೃಷ್ಣನ ನೆತ್ತಿಯ ಮೇಲೆ ಬೆಳಗಿನ ತುಳಸಿ ಇನ್ನೂ ಹಾಗೇ ಇತ್ತು. ಅವರಿಗಿಂತ ಮುಂಚೆಯೇ ಅವನು ಹೊರಟು ಕೂತಿದ್ದ.

"ನಿನಗಲ್ಲಿ ಬೇಜಾರಾಗದಿರಲಿ ಅಂತ..." ಎಂದ ಗಿರಿಧರ, ಹೆದ್ದಾರಿಯ ಕಡೆ ನೋಡುತ್ತ.

ಯಾವತ್ತು ಬರ್ತೀಯೋ ಎಂದು ಅಂಬುಜಮ್ಮ ಇನ್ನು ಕೇಳಲಿಲ್ಲ. ಪೆಟ್ಟಿಗೆಯನ್ನು ಎದೆಗವಚಿಕೊಂಡರು. ಕಾರಿನಿಂದ ಹೊರಗೆ ಬಂದರೂ ಗಂಟೆ ಕಿಣಿಗುಡುತ್ತಲೇ ಇತ್ತು. ನಡುಗುತ್ತಿದ್ದದ್ದು ಅವರ ಕೈ. ಬೆರಳು ಹಾಕಿ ಗಂಟೆಯ ನಾಲಿಗೆಯನ್ನು ಹಿಡಿದುಕೊಂಡರು.

ಕನಕರಾಜು ಮೂರನೆಯ ಕ್ಲಿಪ್ಪು ಕಿತ್ತ. ಇಂಜಿನ್ನಿನ ಸದ್ದು ಇದ್ದ ಹಾಗೇ ಇತ್ತು.

"ಸಿಕ್ತು ನೋಡಿ! ಇದು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ಇಂಜಿನ್ ಆರಿಸಿ, ಆ ಕಾಯಿಲನ್ನು ಮೊದಲನೆಯದರ ಜಾಗಕ್ಕೂ ಅಲ್ಲಿದ್ದುದನ್ನು ಇಲ್ಲಿಗೂ ಹಾಕಿ ಮತ್ತೆ ಓಡಿಸಿದ. ಈ ಸಲ ಮೊದಲನೆಯ ಜಾಗದ ಕ್ಲಿಪ್ಪು ಕಿತ್ತಾಗ ಸದ್ದು ಬದಲಾಗಲಿಲ್ಲ. "ಪ್ಲಗ್ಗು ಚೆನ್ನಾಗೈತೆ ಸಾ, ಕಾಯಿಲೇ ಹೋಗಿರೋದು," ಎಂದು ಹೊಸದನ್ನು ತರಲು ಬೈಕಿನಲ್ಲಿ ಪೇಟೆಗೆ ಹೋದ.

ಅಂಬುಜಮ್ಮ ಸ್ಟೂಲಿನ ಮೇಲೆ ಕುಳಿತರು. ಅಂಗಡಿಯಲ್ಲಿ ಅದು ಸಿಗದಿರಲಿ ಕೃಷ್ಣಾ, ಎಂದು ಬೇಡಿದರು. ಮರುಗಳಿಗೆಯೇ, ದುಡಿದು ತಿನ್ನುವವನ ಕೆಲಸ ಕೆಡಲೆಂದು ಬೇಡಿದೆನಲ್ಲ ಎಂದು ನಾಚಿದರು. ಗಿರಿಧರ ಎಳನೀರು ತಂದು ಎದುರಿಗೆ ನಿಂತ.

"ಮುರಳಿ ಮನೆ ದೊಡ್ಡದು ಅತ್ತೆ. ದೇವಸ್ಥಾನಾನೂ ಹತ್ತಿರ."

"ಇಂಚರಂಗೆ ಗೊತ್ತಿತ್ತೇನೋ?"

ಅವನು ಹೌದೆಂದು ತಲೆಯಾಡಿಸಿದ.

"ಅದಕ್ಕೇ ಅತ್ತಿದ್ದು, ಪಾಪ," ಎಂದರು. ಎಳನೀರು ಕೈಯಲ್ಲೇ ಉಳಿಯಿತು.

ಕನಕರಾಜು ಬಂದು ಹೊಸ ಕಾಯಿಲನ್ನು ಕೂರಿಸಿ, ಬೋಲ್ಟು ಬಿಗಿದು, ಕ್ಲಿಪ್ಪು ಒತ್ತಿದ. ಇಂಜಿನ್ ಒಂದೇ ಹದದಲ್ಲಿ ಗುಂಯ್‌ಗುಟ್ಟಿತು. "ಹೆಂಗೈತವ್ವಾ? ಒಂಚೂರಾದ್ರೂ ನಡುಕ ಐತಾ?"

"ಇಲ್ಲಪ್ಪ, ಚೆನ್ನಾಗಾಯ್ತು. ನಿನ್ನ ಕೈ ತಣ್ಣಗಿರಲಿ."

"ಪೆಟ್ಟಿಗೆ ಹಿಂದೆ ಇಡ್ಲಾ ಅತ್ತೆ?"

"ಬೇಡ ಕಣೋ. ಇಲ್ಲೀತನಕ ಕತ್ತಲಲ್ಲಿ ಒಬ್ಬನೇ ಬಂದಿದಾನೆ."

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಕಾರು ನುಗ್ಗೇಹಳ್ಳಿಯ ರಸ್ತೆಗೆ ಹೊರಳಿತು. ಈಗ ಗಂಟೆಯ ಸದ್ದಿಲ್ಲ, ನಡುಕವಿಲ್ಲ. ಮುಂದಿನ ಸೀಟಿನಲ್ಲಿ ಗಿರಿಧರ ಮತ್ತೆ ಮತ್ತೆ ಮೂಗೆಳೆದುಕೊಳ್ಳುವುದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

"ರೇಡಿಯೋ ಹಾಕ್ಕೊಳೋ ಗಿರಿ," ಎಂದರು ಅಂಬುಜಮ್ಮ.