ಹೊಸ ಅಕ್ಕಿಗೆ ನೀರೆಷ್ಟು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ, ದಿನಕ್ಕೆ ಮುನ್ನೂರು ಜನರಿಗೆ ಅನ್ನ ಮಾಡಿದವಳು. ಎಲ್ಲರ ಬಾಯಲ್ಲೂ ಅವಳು ಅನ್ನದಕ್ಕ. ಮೇಲೋಗರ ಸಪ್ಪೆಯಾದರೂ ಅನ್ನ ಉದುರುದುರಾಗಿದ್ದರೆ ಹಸಿದವರು ಹೇಗೋ ಉಂಡು ಏಳುತ್ತಾರೆ ಎಂಬುದು ಅವಳ ಮಾತು.

ಅಂಥವಳನ್ನು ಒಲೆಯ ಮುಂದಿನಿಂದ ಎಬ್ಬಿಸಿದವನು ಮ್ಯಾನೇಜರರ ಭಾಮೈದ. ಹದಿನೈದು ದಿನ "ಅಕ್ಕ, ಅಕ್ಕ" ಎಂದು ಬೆಣ್ಣೆ ಹಚ್ಚಿ ಕೆಲಸ ಕಲಿತ. ಒಂದು ಅಳತೆ ಅಕ್ಕಿಗೆ ಎರಡೂವರೆ ಅಳತೆ ನೀರು ಎಂದು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದುಕೊಂಡ. ಹದಿನಾರನೆಯ ದಿನ ಮಾಲೀಕರ ಮುಂದೆ ನಿಂತು, "ಪಾಪ, ಅಕ್ಕಂಗೆ ವಯಸ್ಸಾಯ್ತು ಸಾರ್, ಮರೆವು ಜಾಸ್ತಿ" ಅಂದ. ಮರುದಿನದಿಂದ ಸೌಟು ಅವನ ಕೈಗೆ, ಪಾತ್ರೆ ಉಜ್ಜುವ ನಾರು ಅವಳ ಕೈಗೆ.

ಅವಳಿಗೆ ಮರೆವಂತೆ! ಆ ಒಂದು ಮಾತನ್ನು ಎಂಟು ತಿಂಗಳಾದರೂ ಅವಳು ಮರೆಯಲಿಲ್ಲ. ಮಸಿ ಹಿಡಿದ ಕೊಪ್ಪರಿಗೆ ಉಜ್ಜುವಾಗೆಲ್ಲ ಅವನ ಮುಖವನ್ನೇ ಉಜ್ಜುತ್ತಿದ್ದೇನೆ ಎಂದುಕೊಳ್ಳುತ್ತಿದ್ದಳು. ತಾಳಿದವನು ಬಾಳಿಯಾನು ಅನ್ನುತ್ತಾರೆ. ಅವಳು ತಾಳಿದ್ದು ಬಾಳುವುದಕ್ಕಲ್ಲ, ಮುಯ್ಯಿ ತೀರಿಸುವುದಕ್ಕೆ.

ಒಂದು ಬೆಳಿಗ್ಗೆ ಹೊಸ ಮೂಟೆಗಳು ಬಂದವು. ಹಾದುಹೋಗುತ್ತ ಅವಳು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಕಟುಂ ಎನ್ನಲಿಲ್ಲ, ಹಲ್ಲಿಗೆ ಮೆತ್ತಗೆ ಸಿಕ್ಕಿತು. ಈ ವರ್ಷದ ಕೊಯ್ಲಿನ ಅಕ್ಕಿ. ಹಳೆ ಅಕ್ಕಿ ನೀರು ಕುಡಿದು ಅರಳುತ್ತದೆ. ಹೊಸದಕ್ಕೆ ಅಷ್ಟೇ ನೀರಿಟ್ಟರೆ ಅಂಟಾಗುತ್ತದೆ. ಅಂದೇ ಮಾಲೀಕರು ಕೆಲಸಗಾರರ ಜೊತೆ ಊಟಕ್ಕೆ ಕೂರುವ ದಿನ. ಅವಳು ಮನಸ್ಸಿನಲ್ಲೇ ನಗುತ್ತ ಪಾತ್ರೆಗಳ ಕಡೆ ನಡೆದಳು.

ಮಾಲೀಕರು ಉಣ್ಣುವ ದಿನವೆಂದು ಭಾಮೈದನಿಗೆ ಒಳಗೊಳಗೇ ಪುಕುಪುಕು. "ಅಕ್ಕ, ನೀರು ಅಷ್ಟೇ ತಾನೆ?"

"ಗೋಡೆ ಮೇಲೆ ನೀನೇ ಬರ್ಕೊಂಡಿದ್ದೀಯಲ್ಲಪ್ಪ."

ಮಧ್ಯಾಹ್ನ ಮಾಲೀಕರು ತುತ್ತು ಎತ್ತಿದರೆ ತಟ್ಟೆಯ ಅನ್ನವೆಲ್ಲ ಒಂದೇ ಉಂಡೆಯಾಗಿ ಜೊತೆಗೇ ಎದ್ದಿತು. "ಇದೇನಯ್ಯ, ಊಟಕ್ಕೋ, ಗೋಡೆಗೆ ಪೋಸ್ಟರ್ ಅಂಟ್ಸೋಕೋ?"

"ಹೊಸ ಅಕ್ಕಿಗೆ ಹಳೆ ಲೆಕ್ಕದ ನೀರು ಸುರಿದಿದ್ದಾನೆ ಸಾರ್!" ಎಂದು ಹಿಂದಿನ ಸಾಲಿನ ಮುದುಕ ಫಿಟ್ಟರ್ ಕೂಗಿದ. ಮುನ್ನೂರು ಜನ ಘೊಳ್ಳೆಂದು ನಕ್ಕರು. ಅರೆಹೊಟ್ಟೆಯಲ್ಲಿ ಎದ್ದವರನ್ನು ಕಂಡು ಅವಳ ಕರುಳು ಚುರುಕ್ಕೆಂದದ್ದು ನಿಜ. ಆದರೆ ಇಂಗು ತಿಂದ ಮಂಗನಂತೆ ನಿಂತ ಭಾಮೈದನನ್ನು ನೋಡಿದ್ದೇ ಆ ಸಂಕಟ ಅಲ್ಲೇ ಇಳಿಯಿತು.

"ನಾಳೆಯಿಂದ ಅನ್ನ ನೀನೇ ಮಾಡಮ್ಮ" ಅಂದರು ಮಾಲೀಕರು.

"ಮಾಡ್ತೀನಿ ಸಾರ್. ಇವತ್ತಿನ ಕೊಪ್ಪರಿಗೆ ಮಾತ್ರ ಬೇಯಿಸಿದೋರೇ ಉಜ್ಜಲಿ."

ಅಂಟಿದ ಅನ್ನ ಸುಲಭಕ್ಕೆ ಬಿಡುವುದಿಲ್ಲ. ಅವನು ಸೊಂಟದವರೆಗೆ ಕೊಪ್ಪರಿಗೆಯೊಳಗೆ ಬಗ್ಗಿ ಉಜ್ಜಿದ. ಅವಳು ಅವನದೇ ಸ್ಟೂಲಿನ ಮೇಲೆ ಕೂತು, "ಅಂಚಲ್ಲಿ ಇನ್ನೂ ಇದೆ, ನೋಡು" ಎನ್ನುತ್ತ ಬೆರಳು ತೋರಿಸಿದಳು. ಸಂಜೆಯ ಹೊತ್ತಿಗೆ ಕೊಪ್ಪರಿಗೆಯೊಳಗಿನಿಂದ ಸೋತ ದನಿಯೊಂದು ಬಂತು.

"ಅಕ್ಕ, ಹೊಸ ಅಕ್ಕಿಗೆ ನೀರು ಎಷ್ಟಿಡ್ಬೇಕು?"

"ವಯಸ್ಸಾಯ್ತಲ್ಲಪ್ಪ," ಅಂದಳು ಅನ್ನದಕ್ಕ. "ಮರೆತೇಹೋಯ್ತು."