ಅಗಲ ಟೈರು, ಕಡಿಮೆ ಗಾಳಿ

ನಮ್ಮ ಬಳ್ಳಾರಿ ಕಡೆಯ ಜನಕ್ಕೆ ಒಂದು ಅಭ್ಯಾಸವಿದೆ. ಗೋಡೆಗೆ ಒರಗಿಸಿದ ಸೈಕಲ್ಲು ಯಾರದೇ ಆಗಿರಲಿ, ಅದರ ಪಕ್ಕ ನಿಂತು ಮಾತಾಡುವವರ ಹೆಬ್ಬೆರಳು ತಾನಾಗಿಯೇ ಹೋಗಿ ಟೈರನ್ನು ಒತ್ತುತ್ತದೆ. ಮಾತು ಮಗಳ ಮದುವೆಯದಿರಬಹುದು, ಕಾಲುವೆಗೆ ನೀರು ಬಿಡುವುದರದಿರಬಹುದು. ಬೆರಳು ಮಾತ್ರ ತನ್ನ ತನಿಖೆಯನ್ನು ತಾನು ನಡೆಸಿರುತ್ತದೆ. ಟೈರು ಕಲ್ಲಿನಂತಿದ್ದರೆ ಮುಖದಲ್ಲಿ ಸಮಾಧಾನ. ತುಸು ತಗ್ಗಿದರೆ, “ಗಾಳಿ ಇಲ್ಲಲ್ರೀ” ಎಂಬ ಸಂತಾಪ. ಗಟ್ಟಿ ಗಾಳಿಯೆಂದರೆ ನಮಗೆ ಆರೋಗ್ಯ, ಮರ್ಯಾದೆ, ಮನೆಯಲ್ಲಿ ಎಲ್ಲವೂ ಸರಿಯಾಗಿದೆ ಎಂಬುದರ ಗುರುತು. ಐವತ್ತೆರಡು ವರ್ಷ ನಾನೂ ಹಾಗೆಯೇ ನಂಬಿಕೊಂಡಿದ್ದೆ. ಬೇಕೆಂದೇ ಗಾಳಿ ಕಡಿಮೆ ಇಡುವ ಟೈರುಗಳೂ ಲೋಕದಲ್ಲಿವೆ ಎಂದು ನನಗೆ ತಿಳಿಸಿಕೊಟ್ಟವನು ನನ್ನ ತಮ್ಮ ವೀರೇಶ. ಅವನು ತೀರಿಕೊಂಡು ಏಳು ತಿಂಗಳಾಯಿತು.

ನಾನು ಕುರುಗೋಡಿನಲ್ಲಿ ಬಟ್ಟೆ ಹೊಲಿಯುವವನು. ಹತ್ತನೇ ತರಗತಿಯ ಆಚೆ ಓದಿದವನಲ್ಲ. ಊರಿನವರ ಸೊಂಟದ ಅಳತೆಗಳನ್ನು ಬಿಟ್ಟರೆ ಬಾಯಿಪಾಠವಾದ ವಿದ್ಯೆ ಬೇರೆ ಯಾವುದೂ ಇಲ್ಲ. ವೀರೇಶ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದ. ಮದುವೆಯಾಗದೆ ನಮ್ಮ ಜೊತೆಯೇ ಇದ್ದವನು. ನಲವತ್ತು ದಾಟಿದ ಮೇಲೆ ಅದೇನು ಹೊಕ್ಕಿತೋ, ಗುಡ್ಡ ಹತ್ತುವ ಗೇರಿನ ಸೈಕಲ್ಲೊಂದನ್ನು ತಂದು ರಜೆಯ ದಿನ ಬೆಳಿಗ್ಗೆ ಕಾಲುವೆಯ ದಂಡೆ ಹಿಡಿದು ಬಾದನಹಟ್ಟಿಯ ತನಕ ಹೋಗಿ ಬರತೊಡಗಿದ. “ಗೇರು ಹದಿನೆಂಟಿದ್ರೇನು, ತುಳಿಯೋ ಕಾಲು ಎರಡ ಅಲ್ಲೇನೋ” ಎಂದು ನಾನು ನಕ್ಕರೆ ಅವನೂ ನಗುತ್ತಿದ್ದ.

ಕಳೆದ ವರ್ಷ ಅವನಿಗೆ ಬೆನ್ನುನೋವು ಶುರುವಾಯಿತು. ನಾವೆಲ್ಲ ಸೈಕಲ್ಲಿನ ಮೇಲೆ ತಪ್ಪು ಹೊರಿಸಿದೆವು. ಪಾಪ, ಅದು ನಿರಪರಾಧಿ. ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿತ್ತು. ಬಳ್ಳಾರಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಕೆಲವೇ ತಿಂಗಳು ಎಂದರು. ಅದು ವೀರೇಶನಿಗೂ ತಿಳಿದಿತ್ತೆಂದು ಕಾಣುತ್ತದೆ. ಅವನು ಔಷಧದ ಬಗ್ಗೆ ಏನೂ ಕೇಳಲಿಲ್ಲ. “ಸರ್, ಒಂದ್ಸಲ ಸೈಕಲ್ ಮ್ಯಾಲ ಕಾಲುವಿ ದಂಡಿಗೆ ಹೋಗಿ ಬರ್ಲೇನ್ರಿ?” ಎಂದು ಮಾತ್ರ ಕೇಳಿದ. ಡಾಕ್ಟರು, “ನಿಧಾನಕ್ಕ ಹೋಗಿ ಬರ್ರಿ. ಜರ್ಕ್ ಬೀಳಬಾರ್ದು, ಅಷ್ಟ” ಎಂದರು.

ಅದಕ್ಕೆ ಉಪಾಯವನ್ನೂ ಅವನೇ ಹುಡುಕಿದ. ಮಲಗಿದಲ್ಲೇ ಫೋನಿನಲ್ಲಿ ಓದಿ ನನಗೆ ನನ್ನ ಭಾಷೆಯಲ್ಲೇ ಹೇಳಿದ: “ಅಣ್ಣಾ, ನೀ ಅಂಗಿ ಹೊಲಿವಾಗ ಮೈಗೆ ಸಡ್ಲ ಬಿಡ್ತಿಯಲ್ಲ, ಇದೂ ಹಂಗ. ಅಗಲ ಟೈರ್ ಹಾಕಿ ಗಾಳಿ ಕಡಿಮಿ ಇಟ್ರ, ಕಲ್ಲು ಬಂದ್ರ ಟೈರ್ ತಗ್ಗತೈತಿ. ಬೆನ್ನಿಗೆ ಬರಂಗಿಲ್ಲ.”

ಟೈರು ತರುವ ಕೆಲಸವನ್ನು ನಾನು ವಹಿಸಿಕೊಂಡೆ. ವಹಿಸಿಕೊಂಡೆ ಎನ್ನುವುದಕ್ಕಿಂತ ಕಸಿದುಕೊಂಡೆ ಎಂದರೆ ಸರಿ. ಆಸ್ಪತ್ರೆಯಲ್ಲಿ ನನ್ನನ್ನು ಕೇಳಿ ಆಗುವಂಥದ್ದು ಏನೂ ಇರಲಿಲ್ಲ. ಇಲ್ಲಿ ಆರಿಸಲಿಕ್ಕೆ ಬೇಕಾದಷ್ಟಿತ್ತು. ಸೈಕಲ್ಲಿನ ಜೊತೆ ಬಂದ ಟೈರು ಎರಡು ಇಂಚೂ ಇರಲಿಲ್ಲ. ಎರಡೂಕಾಲು ಸಾಕೇ, ಇನ್ನೂ ಅಗಲ ಬೇಕೇ? ದಪ್ಪ ರಬ್ಬರಿನದು ಒರಟು, ತೆಳ್ಳಗಿನದಕ್ಕೆ ಜಾಲಿಮುಳ್ಳಿನ ಭಯ. ಬೇರೆ ಊರುಗಳು ಪೇಡೆಗೋ ಸೀರೆಗೋ ಹೆಸರು ಕೊಟ್ಟಿರುವಾಗ ನಮ್ಮ ಬಳ್ಳಾರಿ ಜಾಲಿಗೆ ಹೆಸರು ಕೊಟ್ಟು ಕೂತಿದೆ. ಆ ಮುಳ್ಳನ್ನು ಅಲಕ್ಷಿಸುವುದು ಹೇಗೆ? ಸಿರುಗುಪ್ಪದಲ್ಲಿ ಸೈಕಲ್ ಅಂಗಡಿ ಇಟ್ಟ ನನ್ನ ಹಳೆಯ ಗೆಳೆಯ ರಾಜಾಸಾಬನ ಬಳಿಗೆ ಸೈಕಲ್ಲನ್ನೇ ಟೆಂಪೋದಲ್ಲಿ ಹಾಕಿಕೊಂಡು ಹೋದೆ. ಕೊರಳಲ್ಲಿದ್ದ ಟೇಪಿನಿಂದ ಹಿಂದಿನ ಗಾಲಿಗೂ ಫ್ರೇಮಿಗೂ ನಡುವಿನ ಸಂದನ್ನು ನಾನು ಮೂರನೇ ಸಲ ಅಳೆಯುವಾಗ ಅವನಿಗೆ ತಡೆಯಲಾಗಲಿಲ್ಲ.

“ಏನಲೇ ಟೇಲರ, ಸೈಕಲ್ಲಿಗೆ ಪಾಯಜಾಮ ಹೊಲಿಯಾಕತ್ತೀಯೇನು?”

“ಎರಡೂವರಿ ಹತ್ರದ್ದು ಕುಂದರತೈತೇನ್ ನೋಡಾಕತ್ತೀನಿ.”

“ಅಷ್ಟ್ ಅಗಲ ಹಾಕಿದ್ರ ಎರಿಮಣ್ಣು ಮೆತ್ತಿ ಗಾಲಿ ತಿರುಗಂಗಿಲ್ಲ ನೋಡು. ಅದರ ಬದ್ಲಿ ಟ್ರ್ಯಾಕ್ಟರಿಂದು ಹಾಕ್ಸು, ಹೊಲಾನೂ ಹರಗಬಹುದು” ಎಂದವನು, ಯಾರಿಗೆ, ಯಾಕೆ ಎಂದು ಕೇಳಿ ತಿಳಿದ ಮೇಲೆ ನನಗೆ ಚಹಾ ತರಿಸಿದ.

ಹೀಗೆ ಮೂರು ವಾರ ಕಳೆದವು. ಮಗನಿಗೆ ಹೆಣ್ಣು ನೋಡಿದವರೂ ಇಷ್ಟು ಮನೆ ತಿರುಗಿ ಇಷ್ಟು ಕೊಂಕು ತೆಗೆದಿರಲಾರರು. ಆರಿಸುವುದು ಮುಗಿಯದಿದ್ದರೆ ಮಿಕ್ಕಿದ್ದೂ ಮುಗಿಯುವುದಿಲ್ಲ ಎಂದು ನನ್ನೊಳಗೆ ಯಾರೋ ನಂಬಿಕೊಂಡಿದ್ದಿರಬೇಕು. ಕಡೆಗೆ ಬಳ್ಳಾರಿಯ ದೊಡ್ಡ ಅಂಗಡಿಯಲ್ಲಿ ಒಂದು ಜೊತೆ ಮೆಚ್ಚಿದಾಗ, ಗಾಳಿ ಎಷ್ಟಿಡಬೇಕೆಂದು ಕೇಳಿದೆ. ಅಂಗಡಿಯವರು, “ಓಡಿಸೋರ ತೂಕ ಎಷ್ಟ್ರೀ?” ಎಂದರು. ತೂಕ ಕಡಿಮೆಯಾದಷ್ಟೂ ಗಾಳಿ ಕಡಿಮೆಯಂತೆ. ಎರಡು ದಿನದ ಹಿಂದೆ ಆಸ್ಪತ್ರೆಯಲ್ಲಿ ಅವನು ನಲವತ್ತೊಂಬತ್ತು ಕಿಲೋ ತೂಗಿದ್ದ. ನಾನು ಎಪ್ಪತ್ತೆರಡು ಎಂದೆ. ಅದು ಅವನಿಗೆ ನಾನು ಕೊನೆಯ ಪ್ಯಾಂಟು ಹೊಲಿದ ಕಾಲದ ತೂಕ.

ಮನೆಗೆ ತಂದು ಹಾಕಿ, ಅವರು ಹೇಳಿದ್ದಕ್ಕಿಂತ ನಾಲ್ಕು ಸಲ ಹೆಚ್ಚೇ ಪಂಪು ಹೊಡೆದೆ, ಕೈ ಕೇಳಬೇಕಲ್ಲ. ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ ವೀರೇಶ ಬಾಗಲಾರ. ಸೈಕಲ್ಲನ್ನೇ ಅವನ ಹತ್ತಿರಕ್ಕೆ ಎತ್ತಿ ಹಿಡಿದೆ. ಹೆಬ್ಬೆರಳಿನಿಂದ ಒತ್ತಿ ನೋಡಿ ನಕ್ಕ.

“ಅಣ್ಣಾ, ಅಂಗಡ್ಯಾಗ ಯಾರ ತೂಕ ಹೇಳಿ ಬಂದಿ?”

“ನಿಂದ.”

“ನಂದಾದ್ರ ಇಷ್ಟ್ ಗಾಳಿ ಬೇಕಾಗಿಲ್ಲ ಬಿಡು.”

ಉಗುರಿನಿಂದ ವಾಲ್ವ್ ಒತ್ತಿ ಸುಂಯ್ಯೆಂದು ಗಾಳಿ ಬಿಟ್ಟ. ನಿಲ್ಲಿಸುವನು, ಒತ್ತಿ ನೋಡುವನು, ಮತ್ತೆ ಬಿಡುವನು. ಟೈರು ಮಾಗಿದ ಪಪ್ಪಾಯಿಯಂತೆ ಬೆರಳಿಗೆ ತಗ್ಗಿದಾಗ, ತಿಂಗಳುಗಳಿಂದ ಕಾಣದ ಗೆಲುವು ಅವನ ಮುಖದಲ್ಲಿ ಕಂಡಿತು. “ಈಗ ಸರಿ ಆತು. ನಾಳಿ ಹೋಗೂಣು” ಎಂದ.

ಮರುದಿನ ಬೆಳಿಗ್ಗೆಗೆ ಮಳೆಯಾಗಿತ್ತು. ಎರೆಮಣ್ಣು ಗಾಲಿಗೆ ಮೆತ್ತುತ್ತದೆ, ಒಣಗಲಿ ಎಂದೆ. ಅದು ನಿಜವೇ ಆಗಿತ್ತು. ನಾಲ್ಕನೆಯ ದಿನ ದಂಡೆ ಒಣಗಿತು. ಮಳೆಗೆ ಮಣ್ಣು ಕೊಚ್ಚಿಹೋಗಿ ಕಲ್ಲುಗಳು ಮೇಲೆದ್ದಿವೆ ಎಂದೆ. “ಅದಕ್ಕ ಅಲ್ಲೇನಣ್ಣ ಈ ಟೈರ್ ತಂದಿದ್ದು?” ಎಂದ. ಒಂದು ಕಲ್ಲು, ಒಂದು ಜರ್ಕು, ಒಂದು ಮೂಳೆ. ಅದು ನಾನು ಆರಿಸಿದ ಟೈರಿನ ಮೇಲೆ ಆಗುತ್ತದೆ ಎಂಬುದರಾಚೆ ನನ್ನ ಬುದ್ಧಿ ಓಡಲಿಲ್ಲ. “ಮುಂದಿನ ವಾರ ನೋಡೂಣು” ಎಂದೆ. “ಆಗ್ಲಿ, ನೀ ಹೆಂಗಂತಿ ಹಂಗ” ಎಂದ. ಚಿಕ್ಕಂದಿನಿಂದ ನನಗೆ ಅವನು ಕೊಟ್ಟ ಉತ್ತರ ಅದೊಂದೇ. ಮುಂದಿನ ವಾರದ ಹೊತ್ತಿಗೆ ಅವನು ಮಗ್ಗುಲಾಗಲಿಕ್ಕೂ ಇಬ್ಬರು ಬೇಕಾಗಿದ್ದರು.

ಕಳಿಸದಿದ್ದದ್ದೇ ಒಳ್ಳೆಯದಾಯಿತು ಎಂದು ನೆಂಟರೆಲ್ಲ ಹೇಳಿದರು. ನನಗೂ ಹಾಗೆನಿಸಿತ್ತು. ದುಃಖದಲ್ಲಿರುವವನಿಗೆ ತಾನು ಮಾಡಿದ್ದು ಸರಿ ಎಂಬ ಒಂದು ಮಾತು ಹಾಸಿಗೆಯಿದ್ದಂತೆ. ಅದರ ಮೇಲೆ ಹೇಗೋ ಒಂದಿಷ್ಟು ಕಣ್ಣು ಮುಚ್ಚಬಹುದು.

ಹೋದ ತಿಂಗಳು, ತುಕ್ಕು ಹಿಡಿಯದಿರಲಿ ಎಂದಷ್ಟೇ, ಸೈಕಲ್ಲನ್ನು ಹೊರಗೆ ತೆಗೆದೆ. ಗಾಳಿ ತುಂಬಿ, ಅವನು ಬಿಟ್ಟಷ್ಟು ಬಿಟ್ಟು, ದಂಡೆಯ ಮೇಲೆ ಹೊರಟೆ. ಮೊದಲ ಕಲ್ಲು ಕಂಡಾಗ ಹಲ್ಲು ಕಚ್ಚಿ ಹಿಡಿದೆ. ಏನೂ ಆಗಲಿಲ್ಲ. ಎರಡನೆಯದು, ಹತ್ತನೆಯದು, ಗಾಡಿಜಾಡಿನ ಹಳ್ಳ, ಏನೂ ಆಗಲಿಲ್ಲ. ನಾನು ಅವನ ಕೊನೆಗಾಲದ ತೂಕಕ್ಕಿಂತ ಹದಿನೈದು ಕಿಲೋ ಹೆಚ್ಚಿದ್ದೇನೆ, ಹದ ತಿಳಿಯದೆ ತುಳಿಯುವವನು. ನನಗೇ ಹೆಚ್ಚು ಜರ್ಕು ಬರಬೇಕು. ಬಾದನಹಟ್ಟಿ ಕಾಣಿಸಿತು. ಅಲ್ಲಿಯವರೆಗೂ ನಾನು ಆರಾಮ ಕೂತುಕೊಂಡೇ ಬಂದಿದ್ದೆ.

ಸಂತೋಷಪಡಬೇಕಿತ್ತು, ಟೈರು ಆರಿಸಿದ್ದರಲ್ಲಿ ತಪ್ಪಾಗಿಲ್ಲವಲ್ಲ ಎಂದು. ನಾನು ದಂಡೆಯ ಮೇಲೆ ಕೂತು ಅತ್ತೆ. ಮರಳುವಾಗ ಕಲ್ಲುಗಳನ್ನು ತಪ್ಪಿಸಲಿಲ್ಲ. ಒಂದೊಂದನ್ನೇ ನೋಡಿ ಅದರ ಮೇಲೆಯೇ ಗಾಲಿ ಬಿಟ್ಟೆ. ತೂಬಿನ ಹತ್ತಿರ ತೆಂಗಿನಕಾಯಿಯಷ್ಟು ದಪ್ಪದ್ದೊಂದಿತ್ತು. ಅದನ್ನು ದಾಟಿ, ಇಳಿದು, ಹಿಂದಕ್ಕೆ ಹೋಗಿ, ಅವನು ಕೂರುತ್ತಿದ್ದಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಮತ್ತೊಮ್ಮೆ ದಾಟಿದೆ.

ಈಗ ಪ್ರತಿ ಭಾನುವಾರ ಹೋಗುತ್ತೇನೆ. ಊರವರು, ತಮ್ಮನ ಹವ್ಯಾಸ ಅಣ್ಣ ಉಳಿಸಿಕೊಂಡ ಎನ್ನುತ್ತಾರೆ. ನಾನು ಹೋಗುವುದು ಒಂದು ಕಲ್ಲಿಗಾಗಿ. ಅವನಿಗೆ ಖಂಡಿತ ನೋಯುತ್ತಿತ್ತು ಎಂದು ನನ್ನ ಬೆನ್ನಿಗೆ ಗೊತ್ತಾಗುವಂಥ ಒಂದೇ ಒಂದು ಕಲ್ಲು. ದಂಡೆಯ ಎರಡೂ ಬದಿ ಹುಡುಕಿದ್ದೇನೆ. ಇನ್ನೂ ಸಿಕ್ಕಿಲ್ಲ.